ಹೊಗೆ ಪೆಟ್ಟಿಗೆ

ಫೆಬ್ರವರಿ 11

ಪ್ರೀತಿಯ ಅತ್ತಿಗೆ,

ನಿಮ್ಮೂರಿನಲ್ಲಿ ಫೋನೂ ನೆಟ್ಟೂ ಕಡಿದುಹೋದ ಮೇಲೆ ನಮಗೆ ಉಳಿದಿರುವುದು ಈ ಪೆಟ್ಟಿಗೆಯೊಂದೇ. ನೀವು ಗಡ್ಡೆಯ ತುಂಡುಗಳನ್ನು ತುಂಬಿ ಕಳಿಸುತ್ತೀರಿ, ನಾನು ಖಾಲಿ ಮಾಡಿ ವಾಪಸು ಕಳಿಸುತ್ತೇನೆ. ಇನ್ನು ಮೇಲೆ ಮುಚ್ಚಳದ ಒಳಬದಿಗೆ ಒಂದು ಕಾಗದವನ್ನೂ ಅಂಟಿಸೋಣ. ಮೊದಲು ಜಗಳ ಮುಗಿಸಿಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ.

ಹೋದ ಸಲದ ತುಂಡುಗಳು ಕೆಟ್ಟಿದ್ದವು. ಹೊಟ್ಟೆಯಿಂದ ತೆಗೆದ ಮೇಲೆ ಅರ್ಧ ಗಂಟೆಯಾದರೂ ಅವು ಹೊರಗೆ ಬಿದ್ದಿದ್ದಿರಬೇಕು. ನನಗೆ ಬೇಕಾದ ಆರ್‌ಎನ್‌ಎ ಬೇಸಿಗೆಯ ಹಾಲಿಗಿಂತ ಬೇಗ ಕೆಡುತ್ತದೆ. ನಿಮ್ಮಂಥ ಶಿಸ್ತಿನ ಸರ್ಜನ್ನೇ ಹೀಗೆ ಮಾಡಿದರೆ ಬೇರೆ ಆಸ್ಪತ್ರೆಯವರಿಗೆ ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ?

ಅಣ್ಣ ಕೇಳುತ್ತಿದ್ದನಲ್ಲ, ಅವಳು ಅಲ್ಲಿ ಮಾಡುವುದಾದರೂ ಏನು ಎಂದು. ಅವನಿಗೆ ಹೀಗೆ ಹೇಳಿ. ಇಷ್ಟು ದಿನ ಎಲ್ಲರೂ ಗಡ್ಡೆಯನ್ನು ರುಬ್ಬಿ, ಯಾವ ಯಾವ ಜೀನುಗಳು ಕೆಲಸ ಮಾಡುತ್ತಿವೆ ಎಂದು ನೋಡುತ್ತಿದ್ದರು. ಯಾವುದು ಎಲ್ಲಿತ್ತು ಎನ್ನುವುದು ರುಬ್ಬುವಾಗಲೇ ಕಳೆದುಹೋಗುತ್ತಿತ್ತು. ಈಗ ನಾವು ಗಡ್ಡೆಯನ್ನು ಹೆಪ್ಪುಗಟ್ಟಿಸಿ, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಹಾಸುತ್ತೇವೆ. ಆ ಗಾಜಿನ ಮೇಲೆ ಸಾವಿರಾರು ಚುಕ್ಕಿಗಳಿವೆ, ಒಂದೊಂದಕ್ಕೂ ಒಂದೊಂದು ವಿಳಾಸ. ಯಾವ ವಿಳಾಸದಲ್ಲಿ ಯಾವ ಜೀನು ಎಚ್ಚರವಾಗಿದೆ, ಅದರ ಅಕ್ಕಪಕ್ಕದಲ್ಲಿ ಎಂಥ ಜೀವಕೋಶಗಳಿವೆ ಎಂದು ಓದಬಹುದು. ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ಎನ್ನುವ ಬಾಯಿ ತುಂಬುವ ಹೆಸರಿನ ಅರ್ಥ ಇಷ್ಟೇ. ಮೇದೋಜೀರಕ ಗ್ರಂಥಿಯ ಗಡ್ಡೆಗೆ ನಮ್ಮ ಕಂಪನಿ ಹುಡುಕುತ್ತಿರುವ ಔಷಧ ಎಲ್ಲಿ ಹೋಗಿ ಕಚ್ಚಬೇಕು ಎನ್ನುವುದು ಈ ನಕ್ಷೆಯಿಂದ ಗೊತ್ತಾಗಬೇಕು.

ಹಾಗಾಗಿ ಗಡ್ಡೆಯನ್ನು ತೆಗೆದ ಕೂಡಲೇ ಹೆಪ್ಪುಗಟ್ಟಿಸಿ. ಜೆಲ್ ಪ್ಯಾಕ್ ಸಾಲದು, ಡ್ರೈ ಐಸೇ ಬೇಕು. ಎಲ್ಲಿಂದಾದರೂ ಹೊಂದಿಸಿ. ಹಟ ಎಂದುಕೊಂಡರೂ ಸರಿಯೇ.

ಇಲ್ಲಿನ ಪೇಪರಿನಲ್ಲಿ ನಿಮ್ಮೂರಿನ ಗಲಾಟೆಯ ಸುದ್ದಿ ಒಳಪುಟಕ್ಕೆ ಸರಿದಿದೆ. ಅಂದರೆ ತಣ್ಣಗಾಗಿದೆ ಎಂದು ನಂಬಿದ್ದೇನೆ. ಆಸ್ಪತ್ರೆಯ ಜನರೇಟರ್ ರಿಪೇರಿ ಮಾಡುತ್ತ ಕೂತು ಊಟ ಮರೆಯಬೇಡ ಎಂದು ಅಣ್ಣನಿಗೆ ಹೇಳಿ.

ನಿಮ್ಮ ಗುಬ್ಬಿ


ಫೆಬ್ರವರಿ 27

ಗುಬ್ಬಿ,

ನಿನ್ನ ಬೈಗುಳ ಸುರಕ್ಷಿತವಾಗಿ ತಲುಪಿತು. ಆವತ್ತು ಆಪರೇಷನ್ ಥಿಯೇಟರಿನಲ್ಲಿ ಸ್ವಲ್ಪ ಗದ್ದಲವಿತ್ತು. ತುಂಡುಗಳನ್ನು ನೋಡಿಕೊಳ್ಳುವ ದೊಡ್ಡ ಸಿಸ್ಟರ್ ಬೇರೆ ಕಡೆ ಹೋಗಬೇಕಾಯಿತು. ಇನ್ನು ಮುಂದೆ ನಾನೇ ನೋಡಿಕೊಳ್ಳುತ್ತೇನೆ.

ಡ್ರೈ ಐಸ್ ಸಿಕ್ಕಿತು. ಮೀನಿನ ಕೋಲ್ಡ್ ಸ್ಟೋರೇಜಿನವರ ಕಂಪ್ರೆಸರ್ ಕೆಟ್ಟಿತ್ತು. ನಿಮ್ಮಣ್ಣ ಅದನ್ನು ಸರಿಮಾಡಿ ಕೊಟ್ಟು, ಕೂಲಿಗೆ ಬದಲಾಗಿ ಡ್ರೈ ಐಸ್ ಕೇಳಿ ಬಂದಿದ್ದಾರೆ. ಡ್ರೈವರಿಗೆ ಮೈ ಸರಿಯಿಲ್ಲದ ಕಾರಣ ಸೇತುವೆ ದಾಟಿ ರೈಲ್ವೆ ಸ್ಟೇಷನ್ನಿನವರೆಗೆ ಪೆಟ್ಟಿಗೆಯನ್ನು ಅವರೇ ಒಯ್ಯುತ್ತಾರಂತೆ. ಬೇಡವೆಂದೆ, ಕೇಳಲಿಲ್ಲ. ತಂಗಿಯ ಪೆಟ್ಟಿಗೆ ಬೇರೆಯವರ ಕೈಗೆ ಹೋಗಬಾರದಂತೆ.

ಇಲ್ಲಿ ಎಲ್ಲ ಎಂದಿನಂತೆ ಇದೆ. ಔಷಧಿ ಬರುವುದು ತಡವಾಗುತ್ತದೆ, ಅಷ್ಟೇ. ಕಾಗದದ ಕೆಳಗೆ ಜಾಗ ಬಿಡು ಎಂದು ನಿಮ್ಮಣ್ಣ ಪಕ್ಕದಲ್ಲಿ ನಿಂತು ಪ್ರಾಣ ತಿನ್ನುತ್ತಿದ್ದಾರೆ, ಬಿಟ್ಟಿದ್ದೇನೆ.

ಅತ್ತಿಗೆ

ಗುಬ್ಬೀ, ನಿನ್ನತ್ತಿಗೆ ನಾಲ್ಕು ಸಾಲಿನ ಜಾಗ ದಾನ ಮಾಡಿದಾಳೆ. ಡ್ರೈ ಐಸ್ ಹಾಕಿದ ಮೇಲೆ ಈ ಪೆಟ್ಟಿಗೆ ಬೀಡಿ ಸೇದೋ ಮುದುಕನ ಥರ ಸಂದಿಸಂದಿಯಿಂದ ಹೊಗೆ ಬಿಡ್ತಿದೆ. ಆಸ್ಪತ್ರೇಲೆಲ್ಲ ಇದಕ್ಕೆ ಹೊಗೆ ಪೆಟ್ಟಿಗೆ ಅಂತ ಹೆಸರು ಬಿದ್ದಾಯ್ತು. ನೀನು ಕಂಡುಹಿಡಿಯೋ ಔಷಧ ಕಹಿಯಾಗಿರದ ಹಾಗೆ ನೋಡ್ಕೋ. — ಅಣ್ಣ


ಮಾರ್ಚ್ 16

ಅತ್ತಿಗೆ,

ನನ್ನ ಬ್ಲೇಡು ಮುರಿಯಿತು.

ಈ ಸಲದ ತುಂಡುಗಳು ಕಲ್ಲಿನಂತೆ ಗಟ್ಟಿಯಾಗಿ ಬಂದಿದ್ದವು. ಖುಷಿಗೆ ನಾನು ಕುಣಿಯುವುದೊಂದು ಬಾಕಿ. ಶೀತಲ ಯಂತ್ರದಲ್ಲಿ ಕೂರಿಸಿ ಹೆರೆಯತೊಡಗಿದೆ. ಮೂರನೆಯ ತುಂಡಿನಲ್ಲಿ ಪದರದ ಉದ್ದಕ್ಕೂ ಗೀರು ಬಿತ್ತು. ಬ್ಲೇಡು ಬದಲಿಸಿದೆ, ಮತ್ತೆ ಗೀರು. ಎರಡನೆಯ ಬ್ಲೇಡಿನ ಬಾಯಿ ಕಿತ್ತುಹೋಗಿತ್ತು. ಇಕ್ಕುಳದಿಂದ ಕೆದಕಿ ನೋಡಿದರೆ ಗಡ್ಡೆಯ ಒಳಗೆ ಒಂದು ಗಾಜಿನ ಚೂರು, ಅಕ್ಕಿಕಾಳಿನಷ್ಟು. ಹಸಿರು ಬಣ್ಣದ್ದು.

ಮೊದಲು ಸಿಟ್ಟು ಬಂತು. ಆಮೇಲೆ ಆ ಚೂರನ್ನು ಬೆಳಕಿಗೆ ಹಿಡಿದು ಕೂತೆ. ನಿಮ್ಮ ಥಿಯೇಟರಿನ ಕಿಟಕಿಗೆ ಹಸಿರು ಗಾಜು ಇತ್ತಲ್ಲವೇ? ಅದು ಹೊಟ್ಟೆಯೊಳಗಿನ ಗಡ್ಡೆಗೆ ಹೇಗೆ ಬಂತು? ಸ್ವಲ್ಪ ಗದ್ದಲ ಎಂದರೆ ಏನು, ಅತ್ತಿಗೆ? ಮುಚ್ಚಿಡಬೇಡಿ, ನಾನು ಚಿಕ್ಕ ಹುಡುಗಿಯಲ್ಲ.

ಕೆಲಸದ ಸುದ್ದಿ ಒಳ್ಳೆಯದೇ ಇದೆ. ಗೀರು ಬೀಳದ ಪದರಗಳಿಂದ ಮೊದಲ ನಕ್ಷೆ ಬಂದಿದೆ. ಗಡ್ಡೆಯನ್ನು ಕೊಲ್ಲಬೇಕಾದ ರಕ್ಷಣಾ ಕೋಶಗಳು ಅದರ ಸುತ್ತ ಜಮಾಯಿಸಿವೆ, ಒಂದೂ ಒಳಗೆ ಹೋಗಿಲ್ಲ. ನಡುವೆ ಗಾಯದ ಕಲೆಯಂಥ ಗಟ್ಟಿ ಗೋಡೆ. ನಾವು ಇಷ್ಟು ದಿನ ಆ ಗೋಡೆಯ ಹೊರಮೈಗೆ ಔಷಧ ಹುಡುಕುತ್ತಿದ್ದೆವು. ನಕ್ಷೆಯ ಪ್ರಕಾರ ತಡೆಯುತ್ತಿರುವುದು ಒಳಮೈಯ ತೆಳುವಾದ ಒಂದು ಸಾಲು. ಅಲ್ಲಿನ ಕೋಶಗಳು ಮಾತ್ರ ವಾಪಸು ಹೋಗಿ ಎಂದು ಸಂದೇಶ ಕಳಿಸುತ್ತಿವೆ. ರುಬ್ಬಿದಾಗ ಎರಡೂ ಒಂದೇ ಥರ ಕಾಣುತ್ತಿದ್ದವು. ಇದನ್ನು ಖಚಿತ ಮಾಡಿಕೊಳ್ಳಲು ಇನ್ನಷ್ಟು ತುಂಡುಗಳು ಬೇಕು.

ಆದರೆ ಮೊದಲು ಗಾಜಿನ ವಿಷಯ ಬರೆಯಿರಿ.

ಗುಬ್ಬಿ


ಮಾರ್ಚ್ 30

ಗುಬ್ಬಿ,

ಕೇಳಿದ್ದೀಯ, ಬರೆಯುತ್ತೇನೆ.

ಮೊದಲ ಸಲ ತುಂಡುಗಳು ಕೆಟ್ಟಿದ್ದು, ಬಂದೂಕಿನವರು ಥಿಯೇಟರಿಗೆ ನುಗ್ಗಿದ್ದರಿಂದ. ಗುಂಡೇಟು ತಿಂದ ಯಾರನ್ನೋ ಹುಡುಕುತ್ತಿದ್ದರು. ಮೇಜಿನ ಮೇಲಿದ್ದ ಹೆಂಗಸಿನ ಮುಖದ ಬಟ್ಟೆ ಸರಿಸಿ ನೋಡಿದರು. ದೊಡ್ಡ ಸಿಸ್ಟರನ್ನು ಜಡೆ ಹಿಡಿದು ಎಳೆದುಕೊಂಡು ಹೋಗಿ ವಾರ್ಡುಗಳನ್ನು ತೋರಿಸು ಎಂದರು. ವಾಪಸು ಬಂದಾಗ ಅವರ ಮುಂದಿನ ಎರಡು ಹಲ್ಲು ಇರಲಿಲ್ಲ. ಕೈ ತೊಳೆದುಕೊಂಡು ಬಂದು ನನ್ನ ಎದುರು ನಿಂತರು.

ಎರಡನೆಯ ಸಲ ಅಂಗಳಕ್ಕೇ ಶೆಲ್ ಬಿತ್ತು. ಗಡ್ಡೆಯನ್ನು ಆಗಷ್ಟೇ ಬಿಡಿಸಿ ತಟ್ಟೆಗೆ ಹಾಕಿದ್ದೆ. ಸದ್ದು ಕೇಳಿದ ನೆನಪಿಲ್ಲ. ಕಿಟಕಿ ಇಡಿಯಾಗಿ ಒಳಗೆ ಬಂತು. ನಾನು ರೋಗಿಯ ತೆರೆದ ಹೊಟ್ಟೆಯ ಮೇಲೆ ಕವುಚಿಕೊಂಡೆ. ತಲೆಯೆತ್ತಿದಾಗ ದೊಡ್ಡ ಸಿಸ್ಟರ್ ನಿಂತೇ ಇದ್ದರು, ಕುತ್ತಿಗೆಗೆ ಕೈ ಒತ್ತಿಕೊಂಡು. ಬೆರಳ ಸಂದಿನಿಂದ ರಕ್ತ ಚಿಮ್ಮುತ್ತಿತ್ತು. ತಟ್ಟೆಯ ಕಡೆ ಕಣ್ಣಿನಲ್ಲೇ ತೋರಿಸಿದರು, ಅದನ್ನು ತಗೊಳ್ಳಿ ಎನ್ನುವಂತೆ. ಆಮೇಲೆ ಕುಸಿದರು. ನನ್ನ ಎರಡೂ ಕೈ ಇನ್ನೊಬ್ಬರ ಹೊಟ್ಟೆಯೊಳಗಿದ್ದವು, ಗುಬ್ಬಿ. ಬಿಟ್ಟರೆ ಇವರು ಸಾಯುತ್ತಾರೆ, ಬಿಡದಿದ್ದರೆ ಅವರು. ನಾನು ಬಿಡಲಿಲ್ಲ.

ನಿಮ್ಮಣ್ಣ ಓಡಿಬಂದು ಸಿಸ್ಟರನ್ನು ಎತ್ತಿಕೊಂಡು ಹೋದರು. ಕೆಳಗೆ ತಲುಪುವಷ್ಟರಲ್ಲಿ ಮುಗಿದಿತ್ತು. ತುಂಡನ್ನು ಹೆಪ್ಪುಗಟ್ಟಿಸಿದ್ದೂ ಅವರೇ. ಗಾಜು ಸೇರಿದ್ದು ಇಬ್ಬರಿಗೂ ಕಾಣಲಿಲ್ಲ. ನಿನ್ನ ಬ್ಲೇಡಿಗೆ ಕ್ಷಮೆಯಿರಲಿ.

ಇದನ್ನು ತಿಳಿದು ನೀನು ಇಲ್ಲಿಗೆ ಓಡಿಬಂದೀಯೆ ಎಂದೇ ಮುಚ್ಚಿಟ್ಟಿದ್ದೆ. ಬರಬೇಡ. ರೋಗಿಗಳು ಮಾತ್ರ ತುಂಡು ಕೊಡಲು ಒಲ್ಲೆ ಎನ್ನುತ್ತಿಲ್ಲ. ಇಷ್ಟೆಲ್ಲ ಹಾಳಾಗುತ್ತಿರುವಾಗ ಇದೊಂದಾದರೂ ಯಾರಿಗಾದರೂ ಆಗಲಿ ಎನ್ನುತ್ತಾರೆ. ಮತ್ತೊಂದು ಪೆಟ್ಟಿಗೆ ತುಂಬಿದ್ದೇನೆ. ನಿಮ್ಮಣ್ಣ ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿದ್ದಾರೆ.

ಅತ್ತಿಗೆ


ಏಪ್ರಿಲ್ 14

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಓದಿ ಎರಡು ದಿನ ನನಗೆ ಕೆಲಸ ಆಗಲಿಲ್ಲ. ಬೈದ ಒಂದೊಂದು ಮಾತೂ ನೆನಪಾಗಿ ನಾಚಿಕೆಯಾಯಿತು. ಅಷ್ಟೆಲ್ಲದರ ನಡುವೆ ನನ್ನ ತಟ್ಟೆಯ ಕಡೆ ನೋಡಿದರಲ್ಲ ಆ ಸಿಸ್ಟರ್. ಒಮ್ಮೆ ಅವರ ಕೈಯಿಂದ ಚಹಾ ಕುಡಿದಿದ್ದೆ.

ನೀವು ಬೇಡವೆಂದರೆ ಈಗ ಬರುವುದಿಲ್ಲ. ನನ್ನಿಂದ ಆಗುವುದು ಈ ಕೆಲಸ ಮಾತ್ರ, ಅದನ್ನೇ ಬೇಗ ಬೇಗ ಮಾಡುತ್ತೇನೆ. ಆದರೆ ಮುಂದಿನ ಸಲ ಒಂದು ತುಂಡನ್ನು ಹೆಪ್ಪುಗಟ್ಟಿಸದೆ, ಇದರ ಜೊತೆ ಕಳಿಸಿರುವ ದ್ರಾವಣದಲ್ಲಿ ಜೀವಂತವಾಗಿಡಿ.

ಈ ಸಲದ ಪೆಟ್ಟಿಗೆಯ ಪಾಡು ಹೇಳಿದರೆ ನೀವು ನಗುತ್ತೀರಿ. ಮುಚ್ಚಳ ಸೀಳಿದೆ, ಒಂದು ಮೂಲೆ ಜಜ್ಜಿಹೋಗಿದೆ, ಒಳಗೆ ಐಸಿನ ಸುಳಿವಿಲ್ಲ, ತುಂಡುಗಳೆಲ್ಲ ಕರಗಿ ಮೆತ್ತಗಾಗಿವೆ. ಮೇಲಿಂದ ಬ್ಯಾಂಡೇಜ್ ಬಟ್ಟೆಯಲ್ಲಿ ಎಷ್ಟು ಚೆಂದಕ್ಕೆ ಸುತ್ತಿ ಕಟ್ಟಿದ್ದಿರಿ ಎಂದರೆ ಪೆಟ್ಟಿಗೆಗೇ ಆಪರೇಷನ್ ಆದಂತಿತ್ತು. ಅಣ್ಣ ಎಂದಿನಂತೆ ರಸ್ತೆಯ ಗುಂಡಿಗಳನ್ನೆಲ್ಲ ಒಂದೂ ಬಿಡದೆ ಮಾತಾಡಿಸಿಕೊಂಡು ಓಡಿಸಿ, ಒಡೆದ ಪೆಟ್ಟಿಗೆಯನ್ನು ಕಟ್ಟಿಸಲು ನಿಮ್ಮ ಹತ್ತಿರ ವಾಪಸು ತಂದಿರಬೇಕು. ನನಗೆ ಸೈಕಲ್ ಕಲಿಸಿದ್ದೂ ಹೀಗೆಯೇ.

ಇದನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಿ: ಅಣ್ಣಾ, ಆಗಲಿ ಬಿಡು, ತುಂಡು ಹೋದರೆ ಹೋಯಿತು. ನೀನು ಹುಷಾರಾಗಿರು. ಮುಂದಿನ ಕಾಗದದಲ್ಲಿ ನಾಲ್ಕಲ್ಲ, ನಲವತ್ತು ಸಾಲು ಬರೆಯಬೇಕು.

ಗುಬ್ಬಿ


ಮೇ 3

ಗುಬ್ಬಿ,

ಈ ಸಲ ಒಳ್ಳೆಯ ತುಂಡುಗಳಿವೆ. ಒಂದನ್ನು ನೀನು ಹೇಳಿದಂತೆ ಜೀವಂತವಾಗಿ ದ್ರಾವಣದಲ್ಲಿ ಇಟ್ಟಿದ್ದೇನೆ. ಸೇತುವೆಯಲ್ಲಿ ಈಗ ಪೆಟ್ಟಿಗೆಗೆ ತೊಂದರೆಯಿಲ್ಲ, ಅಲ್ಲಿ ಕಾವಲಿರುವ ಬಂದೂಕಿನವರು ತಡೆಯದೆ ಬಿಡುತ್ತಾರೆ. ಅದರ ಚಿಂತೆ ಬಿಡು.

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಗಟ್ಟಿಯಾಗಿಯೇ ಓದಿ ಹೇಳಿದೆ. ಅವರ ಕೈಗೆ ಪೆಟ್ಟಾಗಿದೆ, ಬರೆಯಲು ಆಗುವುದಿಲ್ಲ.

ಬರಬೇಡ ಎಂದದ್ದು ಈಗಲೂ ಅಷ್ಟೇ ನಿಜ.

ಅತ್ತಿಗೆ


ಮೇ 22

ಪ್ರೀತಿಯ ಅತ್ತಿಗೆ,

ಸಿಕ್ಕಿತು!

ಕಪಾಟಿನಲ್ಲಿ ಕೆಲಸಕ್ಕೆ ಬಾರದ್ದೆಂದು ಎತ್ತಿಟ್ಟಿದ್ದ ಒಂದು ಹಳೆಯ ರಾಸಾಯನಿಕವಿತ್ತು. ಒಳಸಾಲಿನ ಆ ಸಂದೇಶವನ್ನು ತಡೆಯುವ ಗುಣ ಅದಕ್ಕಿದೆ. ನೀವು ಕಳಿಸಿದ ಜೀವಂತ ತುಂಡನ್ನು ಹೋಳು ಮಾಡಿ ಅರ್ಧಕ್ಕೆ ಅದನ್ನು ಹಾಕಿದೆವು, ಅರ್ಧಕ್ಕೆ ಹಾಕಲಿಲ್ಲ. ಆಮೇಲೆ ಎರಡರದ್ದೂ ನಕ್ಷೆ ತೆಗೆದೆವು. ಹಾಕದಿದ್ದುದರಲ್ಲಿ ರಕ್ಷಣಾ ಕೋಶಗಳು ಬಾಗಿಲ ಹೊರಗೇ ನಿಂತಿವೆ. ಹಾಕಿದ್ದರಲ್ಲಿ ಗೋಡೆ ದಾಟಿ, ಗಡ್ಡೆಯ ನಟ್ಟನಡುವೆ ಹೋಗಿ ಕಡಿಯುತ್ತಿವೆ. ನಮ್ಮ ನಿರ್ದೇಶಕರು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಒಂದು ತುಂಡಿನಲ್ಲಿ ಆದದ್ದು ಮನುಷ್ಯನಲ್ಲಿ ಆಗಬೇಕೆಂದಿಲ್ಲ, ಗೊತ್ತಿದೆ. ಆದರೂ ಇವತ್ತೊಂದು ದಿನ ಖುಷಿಪಡಲು ಬಿಡಿ.

ಇದನ್ನು ಅಣ್ಣನಿಗೆ ಬಾಯಾರೆ ಹೇಳಬೇಕು. ಅವನ ಕೈಗೆ ಏನಾಯಿತು ಎಂದು ನೀವು ಬರೆದೇ ಇಲ್ಲ. ಬಲಗೈಯೇ? ಎಡಗೈಯಲ್ಲಾದರೂ ಒಂದು ಗೀಟು ಎಳೆಯಬಹುದಿತ್ತು. ರಸ್ತೆ ಗುಂಡಿಯ ಮಾತಿಗೆ ಮುನಿಸಿಕೊಂಡನೇ? ಸೇತುವೆಯಲ್ಲಿ ತಡೆಯುವುದಿಲ್ಲ ಎಂದು ನೀವೇ ಹೇಳಿದ್ದೀರಿ. ರಜೆ ಹಾಕಿದ್ದೇನೆ. ಜೂನ್ ಕೊನೆಗೆ ಪೆಟ್ಟಿಗೆಯ ಗಾಡಿಯಲ್ಲೇ ಬಂದುಬಿಡುತ್ತೇನೆ. ಬೇಡವೆಂದರೆ ಕೇಳುವುದಿಲ್ಲ.

ಗುಬ್ಬಿ


ಜೂನ್ 2

ಗುಬ್ಬಿ,

ಕೂತುಕೊಂಡು ಓದು. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೋ.

ನಿಮ್ಮಣ್ಣ ಇಲ್ಲ. ಏಪ್ರಿಲ್ ಒಂದರಂದು ಹೋದರು. ನಿನ್ನ ಕಾಗದವನ್ನು ನಾನು ಓದಿದ್ದು ಆಸ್ಪತ್ರೆಯ ಲಾಂಡ್ರಿಯ ಹಿಂದೆ, ಅವರನ್ನು ಮಣ್ಣು ಮಾಡಿದ ಜಾಗದಲ್ಲಿ. ಗಟ್ಟಿಯಾಗಿಯೇ ಓದಿದೆ.

ಹಾರ್ನ್ ಹೊಡೆದು ಹೊರಟರಲ್ಲ, ಅದೇ ದಿನ. ಸೇತುವೆಯಲ್ಲಿ ಬಂದೂಕಿನವರು ತಡೆದರು. ಪೆಟ್ಟಿಗೆಯಿಂದ ಹೊಗೆ ಬರುತ್ತಿತ್ತು, ಬಾಂಬು ಎಂದುಕೊಂಡರು. ನಿಮ್ಮಣ್ಣ ಬಿಡಿಸಿ ಹೇಳಿದರಂತೆ, ತೆರೆದೂ ತೋರಿಸಿದರಂತೆ. ಒಳಗೆ ಮಾಂಸದ ತುಂಡು ಕಂಡಾಗ ಭಯ ಹೋಗಿ ಬೇರೇನೋ ಹತ್ತಿತು ಅವರಿಗೆ. ಹೆದರಿದ್ದಕ್ಕೆ ಅವಮಾನವಾಯಿತೋ ಏನೋ. ಬಂದೂಕಿನ ಹಿಡಿಯಿಂದ ಬಡಿದರು. ಬಿದ್ದ ಮೇಲೆ ಬೂಟುಕಾಲಿನಿಂದ ಒದ್ದರು. ಒಬ್ಬ ಎಣಿಸುತ್ತಿದ್ದನಂತೆ, ಉಳಿದವರು ನಗುತ್ತಿದ್ದರಂತೆ. ಮೀನಿನ ಗಾಡಿಯವರು ಅವರನ್ನೂ ಪೆಟ್ಟಿಗೆಯನ್ನೂ ಐಸಿನ ಮೇಲೆ ಮಲಗಿಸಿಕೊಂಡು ತಂದರು.

ಬಂದಾಗ ಎಚ್ಚರವಿತ್ತು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ನಾನು ಕೈಯಿಟ್ಟ ಕೂಡಲೇ ನನ್ನ ಮುಖ ನೋಡಿ, "ಗುಲ್ಮ ಹೋಗಿದೆ ಅಲ್ವಾ?" ಎಂದರು. ಇಷ್ಟು ವರ್ಷ ಸರ್ಜನ್ ಜೊತೆ ಬಾಳಿದ್ದಕ್ಕೆ ಅಷ್ಟು ಕಲಿತಿದ್ದರು. "ಪೆಟ್ಟಿಗೆ ಕಳಿಸ್ಬಿಡು, ಅವಳು ಕಾಯ್ತಿರ್ತಾಳೆ" ಎಂದರು. ಅದನ್ನು ಬ್ಯಾಂಡೇಜಿನಲ್ಲಿ ಕಟ್ಟಿಸಿ ಕಳಿಸಿದೆ.

ಬೇರೆ ಸರ್ಜನ್ ಇರಲಿಲ್ಲ. ನಾನೇ ಹೊಟ್ಟೆ ತೆರೆದೆ. ಎಡಪಕ್ಕೆಯಡಿಯ ಗುಲ್ಮ ಚೂರುಚೂರಾಗಿತ್ತು, ಯಕೃತ್ತಿನ ಹಿಂಬದಿ ಸೀಳಿತ್ತು. ಗುಲ್ಮ ತೆಗೆಯುತ್ತಿರುವಾಗ ಕರೆಂಟು ಹೋಗಿ ಜನರೇಟರ್ ಕೆಮ್ಮಿ ನಿಂತಿತು. ಅದನ್ನು ಎಬ್ಬಿಸಲು ಗೊತ್ತಿದ್ದ ಒಬ್ಬರೇ ಒಬ್ಬರು ನನ್ನ ಮುಂದೆ ಮೇಜಿನ ಮೇಲೆ ಮಲಗಿದ್ದರು. ಅರಿವಳಿಕೆ ಡಾಕ್ಟರು ಕೈಯಲ್ಲೇ ಚೀಲ ಒತ್ತಿ ಉಸಿರು ಕೊಟ್ಟರು. ಟಾರ್ಚಿನ ಬೆಳಕಿನಲ್ಲಿ ಹೊಲಿದೆ. ಮುಗಿಸಿದೆ ಕೂಡ. ಆದರೆ ಕೊಡಲು ರಕ್ತವಿರಲಿಲ್ಲ. ಎರಡು ದಿನ ಎಳೆದುಕೊಂಡರು.

ಇನ್ನೂ ಇದೆ. ಇದನ್ನು ಯಾರಿಗೂ ಹೇಳಿಲ್ಲ.

ಏಪ್ರಿಲ್ ಮೂರನೆಯ ವಾರ ಆ ಸೇತುವೆಯವರೇ ವಾರ್ಡಿಗೆ ಬಂದರು. ಎದುರು ಪಕ್ಷದ ಗಾಯಾಳು ಇದ್ದಾನೆಂದು ಯಾರೋ ಹೇಳಿದ್ದರಂತೆ. ಇಬ್ಬರು ಕೆಳಗೆ ನಿಂತರು, ಒಬ್ಬ ಮೇಲೆ ಬಂದ. ಎಡಗಿವಿಯ ತುದಿ ಹರಿದುಹೋದವನು. ಮೂಲೆಯಲ್ಲಿದ್ದ ನಿನ್ನ ಖಾಲಿ ಪೆಟ್ಟಿಗೆಯನ್ನು ಬೂಟಿನಿಂದ ತಳ್ಳಿ ನಕ್ಕ. "ಈ ಹೊಗೆ ಪೆಟ್ಟಿಗೆಯವನು ಇನ್ನೂ ಇದಾನಾ? ಅವನ ಪಕ್ಕೆಲುಬು ಎಣಿಸಿದ್ದು ನಾನೇ" ಎಂದ. ಆಮೇಲೆ ನಾನು ಹಿಂದಿನ ದಿನ ಹೊಲಿದಿದ್ದ ರೋಗಿಯೊಬ್ಬನ ಕಾಲು ಹಿಡಿದು ಮಂಚದಿಂದ ಎಳೆಯಲು ಬಗ್ಗಿದ.

ಆಕ್ಸಿಜನ್ ಸಿಲಿಂಡರ್ ತಿರುಗಿಸುವ ಕಬ್ಬಿಣದ ಪಾನಾ ಕೈಗೆಟುಕುವಂತಿತ್ತು. ತೆಗೆದುಕೊಂಡು ತಲೆಗೆ ಹೊಡೆದೆ. ಎಲ್ಲಿ ಹೊಡೆದರೆ ಮೂಳೆ ತೆಳುವೆಂದು ನನಗೆ ಗೊತ್ತು. ಅಲ್ಲೇ ಹೊಡೆದೆ. ಕೈ ನಡುಗಲಿಲ್ಲ, ಗುಬ್ಬಿ. ಅವನು ಬಿದ್ದ ಮೇಲೆ ಇನ್ನೊಮ್ಮೆ ಎತ್ತಿದೆ. ಪಕ್ಕದ ಮಂಚದ ಮುದುಕಿ ನನ್ನ ಮಣಿಕಟ್ಟು ಹಿಡಿದುಕೊಂಡಳು.

ಕೆಳಗಿನವರು ಓಡಿಬಂದಾಗ ಸಿಲಿಂಡರ್ ಉರುಳಿ ತಲೆಯ ಮೇಲೆ ಬಿತ್ತು ಎಂದು ಇಡೀ ವಾರ್ಡು ಒಂದೇ ಬಾಯಲ್ಲಿ ಹೇಳಿತು. ಎದ್ದು ಕೂರಲಾಗದವರೂ ಹೇಳಿದರು. ಅವನು ಉಳಿಯದಿದ್ದರೆ ಆಸ್ಪತ್ರೆಗೆ ಬೆಂಕಿ ಇಡುತ್ತೇವೆ ಎಂದರು ಅವರು.

ಥಿಯೇಟರಿಗೆ ಒಯ್ದ ಮೇಲೆ ನಾನು ಕೈಕಟ್ಟಿಕೊಂಡು ನಿಂತೆ. ಅರಿವಳಿಕೆ ಡಾಕ್ಟರು, "ಆಗಲ್ಲ ಅಂತಿದ್ರೆ ಆಗಲ್ಲ ಅನ್ನಿ ಮೇಡಂ. ನಾನು ಯಾರಿಗೂ ಹೇಳಲ್ಲ" ಎಂದರು. ಅವನ ಒಂದು ಕಣ್ಣಿನ ಪಾಪೆ ಹಿಗ್ಗತೊಡಗಿತು. ಒಳಗೆ ರಕ್ತ ತುಂಬಿ ಮಿದುಳನ್ನು ಒತ್ತುತ್ತಿದೆ ಎಂದರ್ಥ. ಸುಮ್ಮನಿದ್ದರೆ ಸಾಕಿತ್ತು. ನಾನು ಡ್ರಿಲ್ ಕೇಳಿದೆ. ಬೆಂಕಿಯ ಹೆದರಿಕೆಗೋ, ಕೈಗೆ ಅಭ್ಯಾಸವಾಗಿದ್ದರಿಂದಲೋ, ಈಗಲೂ ಗೊತ್ತಿಲ್ಲ. ನಾನೇ ಒಡೆದ ತಲೆಯನ್ನು ನಾನೇ ಕೊರೆದು, ರಕ್ತ ತೆಗೆದು, ಹೊಲಿದೆ. ಬದುಕಿದ. ಈಗ ನಡೆಯಲು ಕಲಿಯುತ್ತಿದ್ದಾನೆ. ಆ ದಿನದ ನೆನಪು ತನಗಿಲ್ಲ ಎನ್ನುತ್ತಾನೆ. ನನ್ನನ್ನು ಅಮ್ಮಾ ಎಂದು ಕರೆಯುತ್ತಾನೆ.

ಅವನನ್ನು ಉಳಿಸಿದ್ದಕ್ಕೆ ಸೇತುವೆಯವರು ಈಗ ನನ್ನ ಪೆಟ್ಟಿಗೆಗೆ ದಾರಿ ಬಿಡುತ್ತಿದ್ದಾರೆ.

ಮುಚ್ಚಿಟ್ಟದ್ದು ಯಾಕೆಂದು ಕೇಳಬೇಡ. ತಿಳಿದಿದ್ದರೆ ನೀನು ಮಾರನೆಯ ದಿನವೇ ಆ ಸೇತುವೆಯ ಮೇಲೆ ನಿಂತಿರುತ್ತಿದ್ದೆ. ಇನ್ನೊಬ್ಬರನ್ನು ಮೀನಿನ ಗಾಡಿಯಿಂದ ಇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಅತ್ತಿಗೆ


ಜೂನ್ 19

ಅತ್ತಿಗೆ,

ಡ್ರೈ ಐಸ್ ಕೇಳಿದ್ದು ನಾನು.

ನಿಮ್ಮ ಕಾಗದವನ್ನು ಲ್ಯಾಬಿನಲ್ಲಿ ನಿಂತೇ ಓದಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದೆನಂತೆ. ನನಗೆ ನೆನಪಿಲ್ಲ. ಅಂಗೈಗೆ ಹೊಲಿಗೆ ಬಿದ್ದಿದೆ. ನನ್ನನ್ನು ಹಿಡಿದುಕೊಳ್ಳಲು ಬಂದ ಸಹೋದ್ಯೋಗಿಯ ತುಟಿ ಒಡೆದಿದ್ದೇನೆ. ಅವರು ದೂರು ಕೊಡಲಿಲ್ಲ.

ಯಾಕೆ ಉಳಿಸಿದಿರಿ? ನಿಮ್ಮ ಕೈ ನಡುಗಲಿಲ್ಲ ಎಂದು ಬರೆದಿದ್ದೀರಿ. ಆ ಮುದುಕಿ ಹಿಡಿದಾಗ ನಿಲ್ಲಿಸಿದ್ದು ಯಾಕೆ? ದಿನವೂ ಮಲಗುವ ಮುಂಚೆ ಆ ಪಾನಾವನ್ನು ನಾನು ಎತ್ತುತ್ತೇನೆ, ಎರಡನೆಯ ಏಟು ಹಾಕುತ್ತೇನೆ, ಮೂರನೆಯದನ್ನೂ. ಅವನು ನಿಮ್ಮನ್ನು ಅಮ್ಮಾ ಎನ್ನುತ್ತಾನೆ, ನೀವು ಓಗೊಡುತ್ತೀರಾ?

ಅಣ್ಣ ಮಣ್ಣಾಗಿ ಎರಡು ವಾರವಾದ ಮೇಲೆ ನಾನು ರಸ್ತೆ ಗುಂಡಿಯ ತಮಾಷೆ ಬರೆದೆ. ನೀವು ಅದನ್ನು ಓದಿಕೊಂಡಿರಿ. ಸುಳ್ಳು ಹೇಳಿದ್ದಕ್ಕೆ ನಿಮ್ಮನ್ನು ಕ್ಷಮಿಸಲು ಈಗ ನನ್ನಿಂದ ಆಗುವುದಿಲ್ಲ.

ನಾನು ಬರುವುದಿಲ್ಲ. ಇನ್ನು ಪೆಟ್ಟಿಗೆ ಕಳಿಸಬೇಡಿ. ಅವನ ದಯೆಯಿಂದ ದಾಟಿ ಬರುವ ತುಂಡು ನನಗೆ ಬೇಡ.


ಜುಲೈ 12

ಗುಬ್ಬಿ,

ಕ್ಷಮಿಸಬೇಡ. ಆದರೆ ಪೆಟ್ಟಿಗೆ ಕಳಿಸುತ್ತಿದ್ದೇನೆ. ಇದರೊಳಗಿನ ತುಂಡು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಒಬ್ಬ ಹೆಂಗಸಿನದು. ಆಪರೇಷನ್ನಿಗೆ ಮುಂಚೆ ಎರಡು ಸಲ ಕೇಳಿದರು, ನನ್ನದನ್ನು ಮರೆಯದೆ ಕಳಿಸುತ್ತೀರಲ್ಲ ಎಂದು. ಅವರಿಗೆ ಕೊಟ್ಟ ಮಾತು ನಿನ್ನ ಸಿಟ್ಟಿಗಿಂತ ದೊಡ್ಡದು.

ಡ್ರೈ ಐಸಿನ ಹೊಗೆ ನಿನ್ನದು, ಒಪ್ಪುತ್ತೇನೆ. ಬಂದೂಕಿನ ಹಿಡಿ ನಿನ್ನದಲ್ಲ. ಅದನ್ನು ಹೊರಲು ಹೋಗಬೇಡ. ಎಣಿಸಿದವನ ಪಾಲನ್ನು ಅವನಿಗೇ ಬಿಡು.

ಅವನು ನಿನ್ನೆ ಬಿಡುಗಡೆಯಾದ. ಹೊರಡುವ ಮುಂಚೆ ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದ. ಕೂರಲಿಲ್ಲ. "ಹೊಡೆದಿದ್ದು ನೀವು. ಎಚ್ಚರ ಬಂದ ವಾರದಲ್ಲೇ ನೆನಪಾಗಿತ್ತು" ಎಂದ. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ನಮ್ಮವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ ಎಂದ. ಆಮೇಲೆ ನೆಲ ನೋಡುತ್ತ, "ಪೆಟ್ಟಿಗೆಯವರು ನಿಮ್ಮ ಯಜಮಾನರು ಅಂತ ನಂಗೆ ಗೊತ್ತಿರಲಿಲ್ಲ" ಎಂದ.

"ಬೇರೆ ಯಾರದಾದ್ರೂ ಯಜಮಾನರಾಗಿದ್ರೆ?" ಎಂದು ಕೇಳಿದೆ.

ಅವನು ಬಾಗಿಲು ತೆರೆದ. ಕೋಲೂರಿಕೊಂಡು ಹೋದ. ಕಿಟಕಿಯಿಂದ ನೋಡಿದೆ. ಅಂಗಳದಲ್ಲಿ ಅವನ ಜೊತೆಗಾರರು ಅವನಿಗೆ ಬಂದೂಕು ವಾಪಸು ಕೊಟ್ಟರು, ಅವನು ತೆಗೆದುಕೊಂಡ.

ಅವನು ಅಮ್ಮಾ ಎಂದಾಗ ನಾನು ಒಮ್ಮೆಯೂ ಓಗೊಟ್ಟಿಲ್ಲ. ಕೇಳಿದ್ದೀಯ ಎಂದು ಬರೆದೆ.

ಅತ್ತಿಗೆ


ಸೆಪ್ಟೆಂಬರ್ 28

ಅತ್ತಿಗೆ,

ಲೆಕ್ಕದ ಮೇಡಂ ಅವರ ಪೆಟ್ಟಿಗೆಯನ್ನು ಮೂರು ದಿನ ಫ್ರೀಜರಿನಲ್ಲೇ ಇಟ್ಟಿದ್ದೆ. ಆಮೇಲೆ ತೆರೆದೆ. ಅದೇ ನಮ್ಮ ಎಲ್ಲ ತುಂಡುಗಳಲ್ಲಿ ಸ್ಪಷ್ಟವಾದದ್ದು. ಒಳಸಾಲು ಗೀಟು ಎಳೆದಂತೆ ಕಂಡಿತು. ಉಳಿದ ಆಸ್ಪತ್ರೆಗಳಿಂದ ಬಂದ ತುಂಡುಗಳೂ ಅದನ್ನೇ ಹೇಳಿದವು. ಇಲಿಗಳ ಪರೀಕ್ಷೆಯೂ ಮುಗಿಯಿತು. ಹಳೆಯ ರಾಸಾಯನಿಕವಾದ್ದರಿಂದ ಅಪಾಯವಿದೆಯೇ ಎಂದು ನೋಡುವ ಪರೀಕ್ಷೆಗಳೆಲ್ಲ ಹಿಂದೆಯೇ ಆಗಿದ್ದವು. ಔಷಧವನ್ನು ಮನುಷ್ಯರಲ್ಲಿ ಪರೀಕ್ಷಿಸಲು ಹೋದ ವಾರ ಒಪ್ಪಿಗೆ ಸಿಕ್ಕಿತು.

ಎಲ್ಲೆಲ್ಲಿ ಪರೀಕ್ಷಿಸುವುದು ಎಂಬ ಸಭೆಯಲ್ಲಿ ನಿಮ್ಮ ಆಸ್ಪತ್ರೆಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನಾನು ಎತ್ತಿದೆ. ಗಲಾಟೆಯ ಊರು, ವಿಮೆ ಸಿಗುವುದಿಲ್ಲ ಎಂದರು. ತುಂಡು ಅಲ್ಲಿಂದ ಬರಬಹುದು, ಔಷಧ ಅಲ್ಲಿಗೆ ಹೋಗಬಾರದೇ ಎಂದು ಕೇಳಿದೆ. ಮೆಲ್ಲಗೆ ಕೇಳಲಿಲ್ಲ. ತುಟಿ ಒಡೆಸಿಕೊಂಡ ಸಹೋದ್ಯೋಗಿಯೇ ಮೊದಲು ನನ್ನ ಪರ ಎದ್ದು ನಿಂತರು. ಕದನ ನಿಂತಿರುವ ಸುದ್ದಿ ಬಂದ ಮೇಲೆ ಒಪ್ಪಿದರು: ಎರಡನೆಯ ಹಂತದಲ್ಲಿ ನಿಮ್ಮಲ್ಲಿ.

ಲೆಕ್ಕದ ಮೇಡಂ ಹೇಗಿದ್ದಾರೆ?

ಆಸ್ಪತ್ರೆಯನ್ನು ನೋಡಿ ವರದಿ ಕೊಡಲು ಯಾರಾದರೂ ಬರಬೇಕು. ನನ್ನ ಹೆಸರು ಕೊಟ್ಟಿದ್ದೇನೆ. ಜೂನಿನಲ್ಲಿ ಬರೆದ ಕಾಗದದ ಕೆಳಗೆ ಹೆಸರು ಹಾಕಿರಲಿಲ್ಲ. ಇದರ ಕೆಳಗೆ ಹಾಕುತ್ತಿದ್ದೇನೆ.

ನಿಮ್ಮ ಗುಬ್ಬಿ


ಅಕ್ಟೋಬರ್ 9

ಗುಬ್ಬಿ,

ಲೆಕ್ಕದ ಮೇಡಂ ಆಗಸ್ಟಿನಲ್ಲಿ ತೀರಿಕೊಂಡರು. ಅವರ ಮಗಳಿಗೆ ನಿನ್ನ ಕಾಗದದ ಆ ಭಾಗವನ್ನು ಓದಿ ಹೇಳಿದೆ. ಎರಡನೆಯ ಸಲ ಓದಿಸಿಕೊಂಡಳು.

ಕದನ ನಿಲ್ಲುವ ಹಿಂದಿನ ದಿನ ಸೇತುವೆಯ ಮೇಲೆ ದೊಡ್ಡ ಹೊಡೆದಾಟವಾಯಿತು. ಶವಗಳನ್ನು ನಮ್ಮ ಅಂಗಳಕ್ಕೇ ತಂದು ಹಾಕಿದರು. ಒಂದರ ಮುಖ ಉಳಿದಿರಲಿಲ್ಲ. ತಲೆಯ ಪಕ್ಕದಲ್ಲಿ ನನ್ನ ಹೊಲಿಗೆ ಇತ್ತು. ನನ್ನ ಹೊಲಿಗೆ ನನಗೆ ಗೊತ್ತಾಗುತ್ತದೆ. ಸಮಾಧಾನವಾಗಬಹುದೆಂದು ಕಾದು ನಿಂತೆ. ಆಗಲಿಲ್ಲ. ಬಟ್ಟೆ ಹೊದಿಸಿ ಮುಂದಿನದಕ್ಕೆ ಹೋದೆ. ಅವನ ತಾಯಿ ಬಂದಳು, ಗುರುತು ಹಿಡಿಯಲು ಆಗಲಿಲ್ಲ. ನಾನೇ ತೋರಿಸಿದೆ. ಅವಳು ನನ್ನ ಭುಜ ಹಿಡಿದುಕೊಂಡು ಅತ್ತಳು. ನಾನು ಮರದಂತೆ ನಿಂತಿದ್ದೆ.

ಬಾ. ರಸ್ತೆ ತೆರೆದಿದೆ. ಥಿಯೇಟರಿನ ಕಿಟಕಿಗೆ ಹಲಗೆ ಹೊಡೆದಿದ್ದೇವೆ, ಜನರೇಟರ್ ಇನ್ನೂ ಕುಂಟುತ್ತಿದೆ. ನೋಡಿದ್ದನ್ನು ನೋಡಿದಂತೆಯೇ ವರದಿ ಬರೆ. ಆ ಕೆಲಸವೆಲ್ಲ ಮಾರನೆಯ ದಿನಕ್ಕಿರಲಿ.

ಬಂದ ದಿನ ನೇರ ಮನೆಗೆ ಬಾ. ಇಲ್ಲಿ ಎಲ್ಲರಿಗೂ ನಾನು ಡಾಕ್ಟರು. ನನ್ನ ಮುಂದೆ ಅಳುತ್ತಾರೆ. ಏಪ್ರಿಲ್ ಒಂದರಿಂದ ಇವತ್ತಿನವರೆಗೆ ನನಗೆ ಒಂದು ಹನಿ ಕಣ್ಣೀರು ಬಂದಿಲ್ಲ, ಗುಬ್ಬಿ. ನೀನು ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಬರಬಹುದು ಎಂದು ಕಾಯುತ್ತಿದ್ದೇನೆ.

ಅತ್ತಿಗೆ